ಬಾಗಿಲು ಹಾಕದ ಎಡೆ

“ನಿನ್ ಕೈಲಿ ಆಗಲ್ಲ ಕಣಮ್ಮ. ಪಾತ್ರೆ ಬಾಡಿಗೆಗೆ ಕೊಡೋದು ಬೇರೆ, ಸಿನಿಮಾಗೆ ಮನೆ ಸಿಂಗರ್ಸೋದು ಬೇರೆ.”

ಹೀಗೆ ಅಂದವನು ಬೈರಣ್ಣ. ಸಿನಿಮಾಗಳಿಗೆ ಸೆಟ್ ಹಾಕುವುದರಲ್ಲೇ ತಲೆ ನರೆಸಿಕೊಂಡವನು. ಅನ್ನಿಸಿಕೊಂಡವಳು ನಮ್ಮ ಚಿಕ್ಕಮ್ಮನ ಮಗಳು ಮಮತ. ಹೊಸಕೋಟೆಯಲ್ಲಿ ಮದುವೆಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಳು. ಬೈರಣ್ಣನ ಸಿನಿಮಾಗಳಿಗೆ ಹಳೇ ಹಿತ್ತಾಳೆ ಕೊಡ, ಗುಡಾಣ, ಒನಕೆ ಕೊಡೋಕೆ ಹೋಗಿ ಹೋಗಿ, ಒಂದು ಮೂಲೆಯಲ್ಲಿ ನಿಂತು ನೋಡಿ ನೋಡಿ ಕೆಲಸ ಕಲಿತಳು. ಕೂರಿಸಿಕೊಂಡು ಹೇಳಿಕೊಟ್ಟವರು ಯಾರೂ ಇಲ್ಲ. ಬೆಳಕು, ಬಣ್ಣದ ಬಗ್ಗೆ ಎಲ್ಲಿಂದಲೋ ಪುಸ್ತಕ ತಂದು, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಓದುತ್ತಿದ್ದಳು. ಅರ್ಥವಾಗದ ಸಾಲಿಗೆ ಬೆರಳಿಟ್ಟು ಅರ್ಥವಾಗುವ ತನಕ ಬೆರಳು ತೆಗೆಯುತ್ತಿರಲಿಲ್ಲ. ಅಂಥವಳಿಗೆ ಹಾಗೆ ಅಂದಿದ್ದ, ನಾಲ್ಕು ಜನರ ಎದುರಿಗೆ, ಟೀ ಹೀರುತ್ತಾ, ನಗುತ್ತಾ.

ಅದಾಗಿ ಎಷ್ಟೋ ದಿನದ ಮೇಲೆ, ಒಂದು ರಾತ್ರಿ ಬಾವಿ ಪಕ್ಕದ ದಾರಿಯಲ್ಲಿ ಒಬ್ಬಳೇ ನಡೆದು ಬರುವಾಗಲೂ ಮಮತ ಅದನ್ನೇ ಮೆಲುಕು ಹಾಕುತ್ತಿದ್ದಳು.

ಇದು ಕೆಲವು ವರ್ಷದ ಹಿಂದಿನ ಮಾತು. ನಂದಗುಡಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಊರು. ಹೆಸರು ಬೇಡ, ಅಲ್ಲಿ ಈಗಲೂ ಜನ ಇದ್ದಾರೆ. ಚಳಿಗಾಲ. ರಾಗಿ ಕೊಯ್ದು ಹೊಲಗಳೆಲ್ಲ ಬೋಳಾಗಿದ್ದವು. ಊರ ಅಂಚಿನಲ್ಲಿ ಶೂಟಿಂಗ್ ನಡೆಯುವ ಹಳೇ ಮನೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಬಾವಿ. ಬಾವಿ ದಾಟಿದರೆ ಹೊಸ ಮನೆಗಳ ಸಾಲು. ಮಮತ ಹಳೇ ಮನೆಗೆ ಬೀಗ ಹಾಕಿ, ಕೀ ಮುಷ್ಟಿಯಲ್ಲಿ ಹಿಡಿದು, ಫೋನಿನ ಟಾರ್ಚ್ ಬಿಟ್ಟುಕೊಂಡು ಮಲಗುವುದಕ್ಕೆ ಬರುತ್ತಿದ್ದಳು.

ಕಿರ್... ಕಿರ್...

ನಿಂತಳು.

ಕಿರ್... ಕಿರ್...

ರಾಟೆಯ ಸದ್ದು. ಹಗ್ಗ ಎಳೆದಾಗ ಎಣ್ಣೆ ಕಾಣದ ರಾಟೆ ಕಿರುಗುಟ್ಟುತ್ತದಲ್ಲ, ಅದೇ. ಟಾರ್ಚನ್ನು ಬಾವಿ ಕಡೆ ತಿರುಗಿಸಿದಳು. ಎರಡು ಕಲ್ಲುಕಂಬ. ಅಡ್ಡಪಟ್ಟಿ ಇಲ್ಲ. ರಾಟೆ ಇಲ್ಲ. ಹಗ್ಗ ಇಲ್ಲ. ಊರಿಗೆ ಬೋರ್‌ವೆಲ್ ಬಂದಮೇಲೆ ಆ ಬಾವಿಯಲ್ಲಿ ನೀರನ್ನು ಕಂಡವರೇ ಇಲ್ಲ. ತಳದಲ್ಲಿ ಪ್ಲಾಸ್ಟಿಕ್ ಕವರು, ತೆಂಗಿನ ಚಿಪ್ಪು.

ಆಗ ತುಂಬಾ ಕೆಳಗಿಂದ... ಗುಳುಂ.

ಕೊಡ ನೀರಲ್ಲಿ ಮುಳುಗಿದ ಸದ್ದು.

“ಯಾರದು?” ಅಂದಳು. ದನಿ ಗಟ್ಟಿಯಾಗಿ ಬರಲಿಲ್ಲ. ಅವಳಿಗೆ ಅವಳ ಮೇಲೇ ಸಿಟ್ಟು ಬಂತು. ಇನ್ನೊಂದು ಸಲ ಗಟ್ಟಿಯಾಗಿ ಕೇಳಬೇಕು ಅನ್ನುವಷ್ಟರಲ್ಲಿ, ಬೆನ್ನ ಹಿಂದಿನಿಂದ ಬೇರೆ ಸದ್ದು ಬಂತು. ಈಗಷ್ಟೇ ಬೀಗ ಹಾಕಿ ಬಂದ ಮನೆ ಒಳಗಿಂದ.

ಸರಕ್... ಸರಕ್... ಸರಕ್...

ಕಡ್ಡಿಪೊರಕೆ. ಕಲ್ಲುನೆಲದ ಮೇಲೆ.

ಮಮತ ಓಡಲಿಲ್ಲ. ಓಡುವ ಜಾತಿಯವಳಲ್ಲ ಅವಳು. ಆದರೆ ತಿರುಗಿಯೂ ನೋಡಲಿಲ್ಲ. ಕೀ ಅವಳ ಅಂಗೈಗೆ ಎಷ್ಟು ಬಲವಾಗಿ ಒತ್ತಿತ್ತೆಂದರೆ, ಬೆಳಗ್ಗೆಯೂ ಅದರ ಗುರುತು ಇತ್ತು.

ಇದಕ್ಕೆಲ್ಲ ಕಾರಣ ಆ ಹಗಲು ನಡೆದದ್ದು. ಅದನ್ನ ಹೇಳಿಬಿಡುತ್ತೇನೆ.

ಸಿನಿಮಾ ಮಾಡುತ್ತಿದ್ದವನು ಮುನೀಂದ್ರ. ದೇವನಹಳ್ಳಿ ಹುಡುಗ. ಏರ್‌ಪೋರ್ಟಿಗೆ ಕ್ಯಾಬ್ ಓಡಿಸಿ, ಸೀಟಿನ ಕೆಳಗೆ ಕತೆ ಬರೆದಿಟ್ಟುಕೊಂಡು ಓಡಾಡುತ್ತಿದ್ದವನು. ಹೇಗೋ ಒಂದು ಸಿನಿಮಾ ಶುರು ಮಾಡಿದ್ದ. ಮಮತನ ಅಂಗಡಿಗೆ ಬಂದು ಕೂತು ಹೇಳಿದ, “ಅಕ್ಕ, ಸೆಟ್ ಹಾಕೋಕೆ ನಮ್ಮತ್ರ ಆಗಲ್ಲ. ಒಂದು ಹಳೇ ಮನೆ ಸಿಕ್ಕೈತೆ. ಅದೇ ಅರಮನೆ ಥರ ಕಾಣಿಸ್ಬೇಕು.”

“ಅರಮನೆ ಯಾಕೋ? ಮನೆ ಥರ ಕಾಣಿಸ್ತೀನಿ. ಅದೇ ಕಷ್ಟ.”

“ಆಯ್ತು, ಮಾಡ್ಕೊಡು.”

“ಮಾಡ್ಕೊಡ್ತೀನಿ. ಆದ್ರೆ ಟೈಟಲ್ ಕಾರ್ಡಲ್ಲಿ ‘ಕಲೆ’ ಅಂತ ಹಾಕಿ ಕೆಳಗೆ ನನ್ನ ಹೆಸರೊಂದೇ ಬರ್ಬೇಕು. ಪಕ್ಕದಲ್ಲಿ ಇನ್ನೊಬ್ರದ್ದು ಬರಂಗಿಲ್ಲ.”

ಮುನೀಂದ್ರ ತಲೆ ಕೆರೆದುಕೊಂಡ. “ಮನೆ ಚೆನ್ನಾಗಿ ಬಂದ್ರೆ ನಿನ್ನ ಹೆಸರೇ ಅಕ್ಕ. ಬರ್ಲಿಲ್ಲ ಅಂದ್ರೆ ಬೈರಣ್ಣನ್ನ ಕರೀತೀನಿ. ಬೇಜಾರ್ ಮಾಡ್ಕೋಬಾರ್ದು.”

ಒಪ್ಪಿಕೊಂಡಳು. ಆ ಒಂದು ಸಾಲಿಗೆ ಅವಳು ಎಷ್ಟು ವರ್ಷದಿಂದ ಕಾದಿದ್ದಳು ಅಂತ ಮುನೀಂದ್ರನಿಗೆ ಗೊತ್ತಿರಲಿಲ್ಲ.

ಮನೆ ಸಂಜೀವಪ್ಪ ಅನ್ನುವವನದು. ಕಲ್ಲುಚಪ್ಪಡಿಯ ಸೂರು, ನಡುವೆ ಬೆಳಕಿಗೆ ಅಂತ ಬಿಟ್ಟ ಗವಾಕ್ಷಿ, ಹಿಂದೆ ಅಡಿಗೆಕೋಣೆ, ಅದರ ಹಿಂದೆ ಹಿತ್ತಲು. ಎಷ್ಟೋ ವರ್ಷದಿಂದ ಬಾಗಿಲು ಮುಚ್ಚಿತ್ತು. ಸಂಜೀವಪ್ಪ, ಅವನ ಹೆಂಡತಿ ಕವಿತ ಹೊಸ ಆರ್‌ಸಿಸಿ ಮನೆ ಕಟ್ಟಿಸಿಕೊಂಡು ಬಾವಿಯ ಆ ಕಡೆ ಇದ್ದರು. ಮಮತ ಮಲಗುತ್ತಿದ್ದದ್ದು ಅವರ ಹಾಲ್‌ನಲ್ಲೇ.

ಅವಳು ಆ ಮನೆಯನ್ನ ಎಬ್ಬಿಸಿದ್ದನ್ನ ನೋಡಬೇಕಿತ್ತು. ಬೆಳ್ಳಗಿದ್ದ ಗೋಡೆಗೆ ಟೀ ಡಿಕಾಕ್ಷನ್‌ನಲ್ಲಿ ಕೆಮ್ಮಣ್ಣು ಕಲಸಿ ಬಟ್ಟೆಯಲ್ಲಿ ಒತ್ತಿದಳು, ಬಿಳಿ ಗೋಡೆ ಮುಂದೆ ಮನುಷ್ಯರ ಮುಖ ಕ್ಯಾಮೆರಾದಲ್ಲಿ ಕಪ್ಪಾಗಿಬಿಡುತ್ತದೆ ಅಂತ. ಸ್ವಿಚ್‌ಬೋರ್ಡ್ ಕಾಣದ ಹಾಗೆ ಮೊರ ತೂಗುಹಾಕಿದಳು. ಸಾಮಾನನ್ನೆಲ್ಲ ಗೋಡೆಯಿಂದ ಈಚೆಗೆ ಎಳೆದಳು, ಹಿಂದೆ ಜಾಗ ಇದ್ದರೆ ಚಿಕ್ಕ ಮನೆಯೂ ದೊಡ್ಡದಾಗಿ ಕಾಣುತ್ತದೆ ಅಂತ. ಗವಾಕ್ಷಿಗೆ ಹಳೇ ಪಂಚೆ ಕಟ್ಟಿ ಬಿಸಿಲನ್ನ ಸೋಸಿದಳು. ನೆಲಕ್ಕೆ ನೀರು ಚಿಮುಕಿಸಿ ಹೊಳಪು ತಂದಳು. ಸಾಂಬ್ರಾಣಿ ಹಾಕಿ ಬಿಸಿಲುಕೋಲು ಕಣ್ಣಿಗೆ ಕಾಣುವ ಹಾಗೆ ಮಾಡಿದಳು. ಜನ ಇರುವ ಮನೆ ಅಂತ ಅನ್ನಿಸಲಿ ಅಂತ ಬಾಗಿಲಿಗೆ ಸಗಣಿ ಸಾರಿಸಿ, ರಂಗೋಲಿ ಬಿಟ್ಟು, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಮಾವಿನ ತೋರಣ ಕಟ್ಟಿದಳು. ಕ್ಯಾಮೆರಾಮನ್ ನರೇಶ್ ಬಂದು ನೋಡಿ ಶಿಳ್ಳೆ ಹೊಡೆದ.

ಮೊದಲ ದಿನ ತೆಗೆದದ್ದು ಎಡೆ ಇಡುವ ಸೀನು. ನಮ್ಮ ಕಡೆ ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುತ್ತಾರಲ್ಲ. ಬಾಳೆಎಲೆ ತುಂಬಾ ಅವರಿಗೆ ಇಷ್ಟವಾದ ಅಡಿಗೆ, ಪಕ್ಕದಲ್ಲಿ ಸೀರೆನೋ ಪಂಚೆನೋ, ದೀಪ. ಇಟ್ಟಾದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಣ್ಣಲಿ ಅಂತ. ಸತ್ತವರ ಪಾಲಿಗೆ ಬಡಿಸಿದ್ದರಲ್ಲಿ ಬಿಸಿಯೂ ರುಚಿಯೂ ನಿಲ್ಲುವುದಿಲ್ಲ ಅನ್ನುತ್ತಾರೆ. ಸ್ವಲ್ಪ ಹೊತ್ತು ಕಳೆದು, ಬಾಗಿಲು ಬಡಿದು, ಆಮೇಲೆ ಒಳಗೆ ಹೋಗಬೇಕು.

ಅಟ್ಟದ ಮೇಲಿನ ಹಳೇ ಪೆಟ್ಟಿಗೆಯಲ್ಲಿ ಬದನೆಕಾಯಿ ಬಣ್ಣದ ಸೀರೆ ಸಿಕ್ಕಿತ್ತು. ಮಮತ ಅದನ್ನೇ ಎಡೆ ಪಕ್ಕ ಮಡಿಸಿಟ್ಟಳು. ಕೆಮ್ಮಣ್ಣಿನ ಗೋಡೆಗೆ ಆ ಬಣ್ಣ ಚೆನ್ನಾಗಿ ಒಪ್ಪಿತು. ಶೂಟಿಂಗ್ ನೋಡೋಕೆ ಬಂದಿದ್ದ ಕವಿತ ಸೀರೆ ಕಂಡು ಮುಖ ಸಣ್ಣ ಮಾಡಿಕೊಂಡಳು. ಮೆಲ್ಲಗೆ ಮಮತನ ಕಿವಿಗೆ ಬಾಯಿಟ್ಟು ಅಂದಳು:

“ಬಾಗ್ಲು ಹಾಕ್ಸಮ್ಮ.”

“ಬಾಗ್ಲು ಹಾಕಿದ್ರೆ ಕ್ಯಾಮೆರಾ ಎಲ್ಲಿಡೋದು ಕವಿತಕ್ಕ? ಬಾಗ್ಲಿಂದಾನೇ ತೆಗೀತಿರೋದು.”

“ಎಡೆ ಇಟ್ಟು ಬಾಗ್ಲು ತೆಗ್ದಿಡಬಾರ್ದು.”

“ಇದು ಸಿನಿಮಾ ಎಡೆ. ಯಾರ ಹೆಸ್ರಿಗೂ ಇಟ್ಟಿಲ್ಲ.”

“ಅದಕ್ಕೇ ಹೇಳಿದ್ದು,” ಅಂದಳು ಕವಿತ. ಸೆರಗು ಹೊದ್ದುಕೊಂಡು ಎದ್ದು ಹೋದಳು.

ಶಾಟ್ ಮುಗಿಯಿತು. ‘ಕಟ್’ ಅಂದರು, ಲೈಟು ಆರಿಸಿದರು, ಎಲೆ ಎತ್ತಿದರು. ಬಾಗಿಲು ಮಾತ್ರ ಒಂದು ಸಲವೂ ಮುಚ್ಚಲಿಲ್ಲ.

ರಾಟೆ ಸದ್ದು ಕೇಳಿದ್ದು ಆ ರಾತ್ರಿಯೇ.

ಬೆಳಗ್ಗೆ ಎದ್ದು ಮಮತ ಎಲ್ಲರಿಗಿಂತ ಮುಂಚೆ ಹೋದಳು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದಳು.

ನೆಲ ಒದ್ದೆ. ಯಾರೋ ಈಗಷ್ಟೇ ನೀರು ಚಿಮುಕಿಸಿ ಗುಡಿಸಿದ ಹಾಗೆ. ನಡುಮನೆಯಲ್ಲಿ ಎಡಗಡೆ ಇಟ್ಟಿದ್ದ ಒರಳುಕಲ್ಲು ಗವಾಕ್ಷಿಯ ನೇರ ಕೆಳಕ್ಕೆ ಬಂದಿತ್ತು. ಅದನ್ನ ಅಲ್ಲಾಡಿಸೋಕೆ ಇಬ್ಬರು ಗಂಡಸರು ಬೇಕು. ಗುಡಾಣಗಳು ನೆರಳಿನ ಮೂಲೆ ಸೇರಿದ್ದವು. ಮೊರ ಬೇರೆ ಗೂಟಕ್ಕೆ ಹೋಗಿತ್ತು.

ಸಿಟ್ಟು ನೆತ್ತಿಗೇರಿತು. ಹೊರಗೆ ಟೆಂಪೋದಲ್ಲಿ ಮಲಗಿದ್ದ ಡ್ರೈವರ್ ಬೀರೇಶನ ಕಂಬಳಿ ಎಳೆದಳು. “ಯಾರ್ಲಾ ಸಾಮಾನು ಮುಟ್ಟಿದ್ದು? ನೀನೇನಾ?”

ಬೀರೇಶನಿಗೆ ಐವತ್ತು ದಾಟಿತ್ತು, ಅರ್ಧ ಹಲ್ಲು ಹೋಗಿತ್ತು. ಕಣ್ಣು ಉಜ್ಜಿಕೊಂಡು ಅಂದ, “ಅಕ್ಕೋ, ರಾತ್ರಿಯೆಲ್ಲ ಗೊರಕೆ ಹೊಡೀತಿದ್ದೆ. ಬೇಕಾದ್ರೆ ಸೊಳ್ಳೆಗಳನ್ನ ಕೇಳು, ಸಾಕ್ಷಿ ಹೇಳ್ತವೆ. ಆ ಒರಳನ್ನ ನಾನು ಎತ್ತಿದ್ರೆ ನನ್ನ ಸೊಂಟ ಎತ್ತೋಕೆ ಇನ್ನಿಬ್ರು ಬೇಕಾಗ್ತಿತ್ತು.”

ಅಷ್ಟರಲ್ಲಿ ನರೇಶ್ ಬಂದ. ಕ್ಯಾಮೆರಾ ಕಣ್ಣಿಗಿಟ್ಟ. “ಅಕ್ಕ! ಏನ್ ಮಾಡ್ಬಿಟ್ಟೆ? ನಿನ್ನೆಗಿಂತ ಚಿಂದಿ ಆಗೈತೆ. ಬೆಳಕು ನೇರ ಒರಳ ಮೇಲೆ ಬೀಳ್ತಿದೆ ನೋಡು. ಹಿಂದೆ ಗುಡಾಣದ ಹೊಟ್ಟೆ ಮಾತ್ರ ಮಿಣಕ್ ಅಂತೈತೆ. ಹಿಂಗೇ ಬಿಟ್ಬಿಡು.”

ಹೊಗಳಿಕೆ ಕೇಳಿ ಮಮತನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಯಾರಿಟ್ಟಿದ್ದು ಅದು? ಅವಳಿಟ್ಟಿದ್ದಲ್ಲ.

“ಇದು ಸರಿಯಿಲ್ಲ. ನಾನು ಇಟ್ಟಂಗೇ ಇರ್ಬೇಕು,” ಅಂದಳು. ಇಬ್ಬರನ್ನ ಕರೆದು ಒರಳನ್ನ ಮತ್ತೆ ಎಡಕ್ಕೆ ಎಳೆಸಿದಳು. ಗರ್ರ್... ಅಂತ ಕಲ್ಲಿನ ಮೇಲೆ ಕಲ್ಲು ಉಜ್ಜಿತು. ಆ ದಿನ ತೆಗೆದದ್ದೆಲ್ಲ ಅವಳಿಟ್ಟ ಹಾಗೇ. ಸಂಜೆ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರು. ಮನೆ ಮನೆ ಥರ ಕಾಣಲಿಲ್ಲ. ಹಳೇ ಸಾಮಾನು ಪೇರಿಸಿಟ್ಟ ಅಂಗಡಿ ಥರ ಇತ್ತು. ಮುನೀಂದ್ರ ಫೋನ್ ಹಿಡಿದು ಹಿತ್ತಲ ಕಡೆ ಹೋದ. ಅವನಿಗೆ ಸ್ಪೀಕರ್ ಹಾಕಿಯೇ ಮಾತಾಡುವ ಅಭ್ಯಾಸ.

“...ನಾನು ಅವತ್ತೇ ಹೇಳಿದ್ನಲ್ಲ ಗುರು,” ಬೈರಣ್ಣನ ದನಿ. “ನಾಡಿದ್ದು ಬರ್ತೀನಿ ಬಿಡು.”

ಮಮತ ಅಡಿಗೆಕೋಣೆಯ ಕಿಟಕಿ ಹತ್ತಿರ ನಿಂತು ಕೇಳಿಸಿಕೊಂಡಳು. ಕೆಮ್ಮಣ್ಣಿನ ಕೈ ಸೀರೆಗೆ ಒರೆಸಿಕೊಂಡಳು. ಅವತ್ತು ರಾತ್ರಿ ಹೊರಡುವ ಮುಂಚೆ ಒಂದೊಂದು ಸಾಮಾನಿನ ಸುತ್ತಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಸಿನಿಮಾದವರು ಹಾಗೆ ಮಾಡುತ್ತಾರೆ, ಒಂದು ಶಾಟಿನಿಂದ ಇನ್ನೊಂದಕ್ಕೆ ಏನೂ ಕದಲಬಾರದು ಅಂತ. ಫೋನಿನಲ್ಲಿ ಫೋಟೋ ತೆಗೆದಳು. ಹಳೇ ಬೀಗದ ಜೊತೆಗೆ ತನ್ನ ಅಂಗಡಿಯ ಬೀಗವನ್ನೂ ಜಡಿದಳು.

ಬಾವಿ ಹತ್ತಿರ ಬರುವಾಗ ಕಿವಿಗೆ ಸೆರಗು ಸುತ್ತಿಕೊಂಡಳು. ಆದರೂ ಕೇಳಿಸಿತು. ಕಿರ್... ಕಿರ್... ಗುಳುಂ. ಈ ಸಲ ಅದರ ಜೊತೆ ಗಾಜಿನ ಬಳೆ. ಕಿಣ್... ಕಿಣ್... ಹಗ್ಗ ಎಳೆಯುವ ಕೈಗೆ ತಕ್ಕ ಹಾಗೆ.

ಬೆಳಗ್ಗೆ ಎರಡೂ ಬೀಗ ಭದ್ರವಾಗಿದ್ದವು. ಒಳಗೆ ಒಂದು ಗುರುತೂ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದ ಹಾಗೆ ನೆಲ ತೊಳೆದಿತ್ತು. ಒರಳು ಗವಾಕ್ಷಿ ಕೆಳಗೆ. ಗುಡಾಣಗಳು ನೆರಳಿಗೆ. ಪ್ರತಿಯೊಂದರ ಸುತ್ತಲೂ ಸಣ್ಣದಾಗಿ, ಬೆರಳ ತುದಿಯಿಂದ ಬಿಟ್ಟ ರಂಗೋಲಿಯ ಎಳೆ. ಇಲ್ಲೇ ಇರಬೇಕು ಇದು, ಅಂತ.

ಮಮತ ಬಾಗಿಲಲ್ಲೇ ಕುಕ್ಕರಿಸಿದಳು. ನೋಡಿದಳು. ತುಂಬಾ ಹೊತ್ತು ನೋಡಿದಳು. ಸಾಮಾನು ಪೇರಿಸಿದ್ದ ಆ ಜಾಗ ಇವತ್ತು ಮನೆಯಾಗಿತ್ತು. ಯಾರೋ ಒಳಗೆ ಹೋಗಿ ಈಗ ಬರುತ್ತಾರೆ ಅನ್ನಿಸುವ ಹಾಗೆ.

ನರೇಶ್ ಬಂದು ಬಾಯಿ ತೆರೆಯುವ ಮುಂಚೆಯೇ ಅಂದಳು, “ಇವತ್ತು ಹಿಂಗೇ ತೆಗೀರಿ.”

ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತವರೆಲ್ಲ ಚಪ್ಪಾಳೆ ಹೊಡೆದರು. ಮುನೀಂದ್ರ ಮತ್ತೆ ಫೋನ್ ಮಾಡಿದ. “ಬೇಡ ಬಿಡಣ್ಣ, ಬರ್ಬೇಡಿ. ನಮ್ಮಕ್ಕನೇ ಸಾಕು.” ಆಮೇಲೆ ಮಮತನ ಕಡೆ ತಿರುಗಿ, “ಅಕ್ಕ, ಇದೆಲ್ಲ ನೀನೊಬ್ಳೇ ಮಾಡಿದ್ದಾ?” ಅಂದ.

“ಹೂಂ,” ಅಂದಳು ಮಮತ. “ನಾನೇ.”

ಹೇಳಿದವಳು ಮತ್ತೆ ಲ್ಯಾಪ್‌ಟಾಪ್ ಕಡೆ ನೋಡಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ, ಆ ಮನೆಯಲ್ಲಿ ಯಾರಿದ್ದದ್ದು ಅಂತ ಕವಿತನನ್ನ ಕೇಳಿಯೇಬಿಟ್ಟಳು. ಸಂಜೀವಪ್ಪ ಹೊರಗೆ ಹೋಗಿದ್ದ. ಕವಿತ ಟಿವಿ ಸದ್ದು ಜಾಸ್ತಿ ಮಾಡಿ, ಹತ್ತಿರ ಸರಿದು ಪಿಸುಗುಟ್ಟಿದಳು.

“ಆ ಸೀರೆ ನಮ್ಮ ದೊಡ್ಡತ್ತೆದು. ಮುನಿವೆಂಕಟಮ್ಮ ಅಂತ. ಮಕ್ಕಳಿರಲಿಲ್ಲ. ಮನೆ ಅವ್ರ ಹೆಸ್ರಲ್ಲೇ ಇತ್ತು. ನಮ್ಮ ಯಜಮಾನ್ರು, ಯಜಮಾನ್ರ ತಮ್ಮಂದ್ರು ಎಲ್ಲ ಸೇರಿ ನಡುಮಧ್ಯಕ್ಕೆ ಗೋಡೆ ಹಾಕಿ ಪಾಲು ಮಾಡ್ಕೋತೀವಿ ಅಂದ್ರು. ಒಪ್ಪಲಿಲ್ಲ. ನಾನಿರೋ ತನಕ ಈ ಮನೇಲಿ ಒಂದು ಚೊಂಬು ಜಾಗ ಬಿಟ್ಟು ಕದಲಂಗಿಲ್ಲ ಅಂದ್ರು. ಹಂಗೇ ಹೋಗ್ಬಿಟ್ರು.”

“ಎಡೆ?”

“ಇಟ್ಟಿಲ್ಲ. ಮನೆಯೋರಿಗೆಲ್ಲ ಅವ್ರ ಮೇಲೆ ಸಿಟ್ಟು. ಹಬ್ಬದಲ್ಲಿ ಎಲ್ರ ಹೆಸ್ರೂ ಹೇಳ್ತಾರೆ, ಅವ್ರದ್ದೊಂದು ಬಿಟ್ಟು.”

ಮಮತ ತಟ್ಟೆ ಪಕ್ಕಕ್ಕೆ ಸರಿಸಿದಳು.

“ನಾಳೆಗೆ ಮುಗೀತಲ್ಲ ನಿಮ್ದು?” ಅಂದಳು ಕವಿತ. “ಮುಗಿಸ್ಕೊಂಡು ಹೋಗ್ಬಿಡಿ.”

“ಎಡೆ ಇಟ್ರೆ ಸರಿಹೋಗುತ್ತಾ? ಹೆಸ್ರು ಹೇಳಿ?”

ಕವಿತ ಅವಳ ಮುಖ ನೋಡಿದಳು. “ಇಟ್ರೆ ಇಡಮ್ಮ. ಪುಣ್ಯ ಬರುತ್ತೆ. ಆದ್ರೆ ಇಟ್ಟು ಹೊರಗೆ ಬಂದ್ಬಿಡು. ಎಡೆ ಇಟ್ಟು ಬಾಗ್ಲು ಹಾಕಿದ ಮೇಲೆ ಒಳಗಿರೋರೆಲ್ಲ ಆ ಕಡೆಯೋರೇ ಲೆಕ್ಕ.”

ಮಾರನೇ ಬೆಳಗ್ಗೆ ಕೊನೇ ಶಾಟ್. ಪಾತ್ರಧಾರಿಗಳು ಯಾರೂ ಇಲ್ಲ. ಮೊದಲ ಬಿಸಿಲು ಗವಾಕ್ಷಿಯಿಂದ ಇಳಿಯುವಾಗ ಕ್ಯಾಮೆರಾ ತಲೆಬಾಗಿಲಿಂದ ಹೊರಟು, ನಡುಮನೆ ದಾಟಿ, ಹಿತ್ತಲ ತನಕ ಹೋಗುತ್ತದೆ. ಸಿನಿಮಾ ಮುಗಿಯುವುದೇ ಅದರ ಮೇಲೆ. ಕಾಣುವುದು ಬರೀ ಮನೆ. ಮಮತ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇದಾದರೂ ನನ್ನದಾಗಬೇಕು. ನನ್ನ ಕೈ ಇಟ್ಟದ್ದಾಗಬೇಕು. ಇಲ್ಲವಾದರೆ ಆ ಕಾರ್ಡಿನಲ್ಲಿ ಬರುವ ಹೆಸರು ಯಾರದು?

ಆ ರಾತ್ರಿಯೇ, ಕವಿತ ಮಾಡಿಟ್ಟಿದ್ದ ಅನ್ನ, ಕಾಳುಸಾರು, ಎರಡು ವಡೆ ಡಬ್ಬಿಗೆ ಹಾಕಿಸಿಕೊಂಡು ಹೊರಟಳು. ಬಾವಿ ದಾಟಿದಳು. ಏನೂ ಕೇಳಿಸಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಬೀಗ ತೆಗೆದು ಒಳಗೆ ಹೋಗಿ ದೀಪ ಹಚ್ಚಿದಳು. ಎಲೆ ಹಾಸಿ ಬಡಿಸಿದಳು. ಸೀರೆ ಪಕ್ಕಕ್ಕಿಟ್ಟಳು. ಕೈ ಮುಗಿಯಲಿಲ್ಲ. ಸೊಂಟಕ್ಕೆ ಕೈಯಿಟ್ಟು, ಕತ್ತಲಿದ್ದ ಅಡಿಗೆಕೋಣೆ ಕಡೆ ನೋಡಿ ಮೆಲ್ಲಗೆ ಹೇಳಿದಳು:

“ಮುನಿವೆಂಕಟಮ್ಮ... ನಿನ್ನ ಹೆಸ್ರಿಗೇ ಇಟ್ಟಿದೀನಿ. ಉಂಡ್ಕೊಂಡು ಹೋಗು. ಮನೆ ನನಗೆ ಬಿಡು.”

ದೀಪ ಅಲ್ಲಾಡಲಿಲ್ಲ. ಗಾಳಿ ಇರಲಿಲ್ಲ. ಎಷ್ಟೋ ಹೊತ್ತು ಏನೂ ಆಗಲಿಲ್ಲ...

ಆಮೇಲೆ, ಒಲೆ ಕಡೆಯಿಂದ, ಬೇಸರದ ದನಿಯಲ್ಲಿ:

“ಬಾಗ್ಲು ಹಾಕವ್ವ.”

ಅಷ್ಟೇ. ಪಕ್ಕದ ಮನೆಯವರು ಚಳಿಗೆ ಹೇಳುವ ಹಾಗೆ.

ಮಮತ ತಿರುಗಿದಳು. ಹೊಸ್ತಿಲ ತನಕ ಹೋದಳು. ಒಂದು ಹೆಜ್ಜೆ ಆಚೆ ಇಟ್ಟು ಬಾಗಿಲು ಎಳೆದುಕೊಂಡಿದ್ದರೆ ಆಗುತ್ತಿತ್ತು. ಕವಿತ ಹೇಳಿದ್ದು ನೆನಪಿತ್ತು, ಮರೆತಿರಲಿಲ್ಲ. ಆದರೆ ಹೊರಗೆ ಹೋದರೆ? ಬೆಳಗಾಗುವ ಹೊತ್ತಿಗೆ ಮತ್ತೆ ಎಲ್ಲ ಮುನಿವೆಂಕಟಮ್ಮ ಇಟ್ಟ ಹಾಗೇ ಇರುತ್ತದೆ. ಮತ್ತೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಮತ್ತೆ ‘ಹೂಂ, ನಾನೇ’ ಅನ್ನಬೇಕು.

ಬಾಗಿಲು ಹಾಕಿದಳು. ಒಳಗಿನಿಂದ. ಅಗುಳಿ ಜಡಿದಳು. ಠಕ್.

ದೀಪ ಆರಿತು.

ಕತ್ತಲು. ಎಲೆ ಸರಿದ ಸದ್ದು. ಸರ್... ಬಳೆ. ಕಿಣ್... ಅನ್ನ ಕಲಸುವ ಪಿಚಪಿಚ ಸದ್ದು. ಆತುರ ಇಲ್ಲ. ಬಹಳ ದಿನಕ್ಕೆ ಉಣ್ಣುವವರು ನಿಧಾನಕ್ಕೆ ಉಣ್ಣುವ ಹಾಗೆ. ಚೊಂಬಿನ ನೀರು ಗಂಟಲಲ್ಲಿ ಇಳಿಯಿತು. ಗುಟುಕ್... ಗುಟುಕ್... ಚೊಂಬು ಕೆಳಗಿಟ್ಟದ್ದು, ಟಣ್.

ಆಮೇಲೆ ಪೊರಕೆ ಸದ್ದು ಶುರುವಾಯಿತು.

ಮಮತ ಕತ್ತಲಲ್ಲೇ ತಡವರಿಸಿ ಹೋಗಿ ಒಂದು ಗುಡಾಣ ಹಿಡಿದಳು. “ಇದು ಇಲ್ಲಿ,” ಅಂದಳು. ಗುಡಾಣದ ಆ ಕಡೆಯ ಕಂಠವನ್ನ ಇನ್ನೊಂದು ಕೈ ಹಿಡಿದಿತ್ತು. ಅದು ಎಳೆಯಿತು. ಇವಳು ಬಿಡಲಿಲ್ಲ. ಅದೂ ಬಿಡಲಿಲ್ಲ. ಹೀಗೇ ಎಷ್ಟು ಹೊತ್ತೋ. ಆ ರಾತ್ರಿಯೆಲ್ಲ ಆ ಮನೆಯಲ್ಲಿ ಎರಡು ಜೊತೆ ಕೈ ಕೆಲಸ ಮಾಡಿದವು. ಒರಳು ಗರ್ರ್ ಅಂತ ಆ ಕಡೆ ಹೋಯಿತು, ಗರ್ರ್ ಅಂತ ಈ ಕಡೆ ಬಂತು. ಒಂದು ಸಲ ತೀರಾ ಹತ್ತಿರದಲ್ಲಿ, ಕಿವಿ ಪಕ್ಕದಲ್ಲಿ, “ಹಂಗಲ್ಲ” ಅಂತ ಕೇಳಿಸಿತು. “ಹಂಗೇ,” ಅಂದಳು ಮಮತ. ಅಳುತ್ತಿದ್ದಳು. ಕೈ ಮಾತ್ರ ಬಿಡಲಿಲ್ಲ. ಕೊನೆಗೆ ಆ ಕಡೆಯಿಂದ ಎಳೆತ ಸಡಿಲವಾಯಿತು. ಯಾರೋ ಉಸ್ಸಪ್ಪಾ ಅಂತ ಕೂತ ಹಾಗಾಯಿತು.

ಧಡ್ ಧಡ್ ಧಡ್.

“ಅಕ್ಕ! ಒಳಗಿದೀಯಾ? ಬೆಳಕು ಬಂದ್ಬಿಡ್ತು!”

ಮುನೀಂದ್ರ. ಮಮತ ಅಗುಳಿ ತೆಗೆದಳು. ಮುನೀಂದ್ರ, ನರೇಶ್, ಬೀರೇಶ ಮೂವರೂ ಬಾಗಿಲಲ್ಲೇ ನಿಂತುಬಿಟ್ಟರು. ಬೀರೇಶ ಸುಮ್ಮನೆ ಚಪ್ಪಲಿ ಬಿಟ್ಟ. ನರೇಶ್ ಉಸಿರು ಬಿಗಿಹಿಡಿದು ಕ್ಯಾಮೆರಾ ಹೆಗಲಿಗಿಟ್ಟುಕೊಂಡ. ಬಿಸಿಲು ಒರಳ ಅಂಚಿಗೆ ಬಂದು, ಅಲ್ಲಿಂದ ಗುಡಾಣಕ್ಕೆ, ಗುಡಾಣದಿಂದ ಹಿತ್ತಲ ಬಾಗಿಲಿಗೆ, ಯಾರೋ ಕೈಹಿಡಿದು ನಡೆಸಿಕೊಂಡು ಹೋದ ಹಾಗೆ ಹೋಯಿತು. ಒರಳು ಇದ್ದದ್ದು ಮಮತ ಮೊದಲು ಇಟ್ಟ ಜಾಗದಲ್ಲೂ ಅಲ್ಲ, ಗವಾಕ್ಷಿಯ ಕೆಳಗೂ ಅಲ್ಲ. ಯಾವುದು ತಾನಿಟ್ಟಿದ್ದು, ಯಾವುದು ಅಲ್ಲ ಅಂತ ಅವಳಿಗೇ ಗೊತ್ತಾಗಲಿಲ್ಲ.

ಒಂದೇ ಟೇಕ್. ಮುನೀಂದ್ರ ‘ಕಟ್’ ಅನ್ನುವುದನ್ನೇ ಮರೆತ.

ಎಡೆ ಎಲೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. “ಎಲ್ಲ ನೀನೇ ತಿಂದ್ಬಿಟ್ಯಾ ಅಕ್ಕ?” ಅಂತ ಬೀರೇಶ ನಗಾಡಿದ. ಆಮೇಲೆ ಬಂದ ಕವಿತ ಮಾತ್ರ ನಗಲಿಲ್ಲ. ಒಳಗಿನಿಂದ ಜಡಿದಿದ್ದ ಅಗುಳಿ ವಿಷಯ ಕೇಳಿ, ಮಮತನ ಎರಡು ಕೈಯನ್ನೂ ಹಿಡಿದು ನೋಡಿ, “ಯಾಕಮ್ಮ ಹಿಂಗ್ ಮಾಡ್ಕೊಂಡೆ?” ಅಂದಳು.

ಈಗ ಆ ಮನೆ ಮಮತನದು. ಸಂಜೀವಪ್ಪ ತಾನಾಗಿಯೇ ಅಂಗಡಿಗೆ ಬಂದು, “ನೀನೇ ತಗೊಂಡ್ಬಿಡಮ್ಮ, ನಮಗೆ ಬೇಡ” ಅಂದ. ಯಾಕೆ ಅಂತ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಸುತ್ತಲಿನ ಹೊಲಗಳಿಗೆ ಬೇಲಿ ಬಿದ್ದಿದೆ, ಸೈಟು ಮಾರುವ ಬೋರ್ಡು ನಿಂತಿದೆ. ಮನೆ ಹಾಗೇ ಇದೆ. ಎಲ್ಲೆಲ್ಲಿಂದಲೋ ಸಿನಿಮಾದವರು ಹುಡುಕಿಕೊಂಡು ಬರುತ್ತಾರೆ. ಟೆಂಪೋ ಅವಳದೇ ಆಗಿದೆ. ಹಿತ್ತಾಳೆ, ಕಂಚು, ಕಲ್ಲು, ಮರದ ಸಾಮಾನು ತುಂಬಿದ ಗೋಡೌನು ಇದೆ. ಮುನೀಂದ್ರನ ಸಿನಿಮಾದಲ್ಲಿ ‘ಕಲೆ: ಮಮತ’ ಅಂತ ಕಪ್ಪು ಪರದೆ ಮೇಲೆ ಒಂಟಿಯಾಗಿ ಬಂತು. ಆಮೇಲೆ ಎಷ್ಟೋ ಸಿನಿಮಾಗಳಲ್ಲಿ ಬಂತು. ಯಾರ ಹತ್ತಿರವೂ ಕೈ ಚಾಚದೆ ಅವಳು ಮಾಡಿಕೊಂಡದ್ದು ಇಷ್ಟು.

ಹೋದದ್ದು ಒಂದು. ಆ ರಾತ್ರಿಯಿಂದ ಅವಳಿಗೆ ಊಟದ ರುಚಿ ಗೊತ್ತಾಗುವುದಿಲ್ಲ. ಉಪ್ಪು, ಹುಳಿ, ಖಾರ ಯಾವುದೂ. ಡಾಕ್ಟರುಗಳಿಗೆ ತೋರಿಸಿದ್ದಾಯಿತು, ನಾಲಿಗೆ ಚೆನ್ನಾಗಿದೆ ಅಂದರು. ಬದುಕಬೇಕಲ್ಲ ಅಂತ ತಿನ್ನುತ್ತಾಳೆ.

ಅದನ್ನ ಬೇಕಾದರೆ ಕಾಯಿಲೆ ಅನ್ನಿ. ಆದರೆ ಈ ಸಂಕ್ರಾಂತಿಗೆ ನಮ್ಮ ಮನೆಗೆ ಬಂದಿದ್ದಳು. ರಾತ್ರಿ ಮುದ್ದೆ ಮಾಡಿದ್ದೆ. ಒಲೆಯಿಂದ ಇಳಿಸಿ, ತಿರುವಿ, ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಿದೆ. ಕೈಯೆಲ್ಲ ಉರಿಯುತ್ತಿತ್ತು. ಒಂದು ನನ್ನ ತಟ್ಟೆಗೆ ಹಾಕಿಕೊಂಡೆ, ಒಂದು ಅವಳ ತಟ್ಟೆಗೆ ಹಾಕಿದೆ. ನನ್ನದು ಹಬೆಯಾಡುತ್ತಿತ್ತು. ಅವಳದು ಆಡಲಿಲ್ಲ. ಕೈ ಚಾಚಿ ಮುಟ್ಟಿ ನೋಡಿದೆ. ತಣ್ಣಗಿತ್ತು, ನಿನ್ನೆ ಮಾಡಿಟ್ಟ ಹಾಗೆ. ಪಾತ್ರೆ ಒಂದೇ, ಹಿಟ್ಟು ಒಂದೇ. ಕಟ್ಟಿದವಳೂ ನಾನೇ, ಮುಟ್ಟಿದವಳೂ ನಾನೇ. ಮಮತ ನನ್ನ ಮುಖ ನೋಡಿ, ಮುರಿದು ತಿಂದಳು.